ತಾಯಿ ಕಾಣದಿದ್ದ ಮಾತ್ರಕ್ಕೆ ಮರಿ ಅನಾಥವಲ್ಲ

(ಮಲೆನಾಡಿನ ಹಳ್ಳಿಯೊಂದರ ಶಾಲಾ ಅಂಗಳದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ತಾಯಿಯ ಆಸರೆಯಿಲ್ಲದೆ ಕಾಡಿನ ಮರಿ ಯಾವಾಗಿನಿಂದ ಬದುಕಬಲ್ಲದು ಎಂಬುದು ಇಂದಿನ ವಿಷಯ. ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಸೊಪ್ಪಿಗೆಂದು ಬೆಟ್ಟಕ್ಕೆ ಹೋದವನು, ಪೊದೆಯಡಿ ಮುದುರಿ ಮಲಗಿದ್ದ ಕಾಡುಕುರಿಯ ಮರಿಯೊಂದನ್ನು ಕಂಡೆ. ಸುತ್ತ ತಾಯಿ ಇರಲಿಲ್ಲ. ಅನಾಥವೆಂದು ಬಗೆದು ಮನೆಗೆ ತಂದೆ. "ಇದ್ದಲ್ಲೇ ಬಿಟ್ಟು ಬಾರೋ, ತಾಯಿ ಹುಡುಕುತ್ತದೆ" ಎಂದರು ಅಜ್ಜಿ. ಕೇಳಲಿಲ್ಲ. ದನದ ಹಾಲು ಕುಡಿಸಿದೆ. ಭೇದಿ ಹತ್ತಿತು, ನಾಲ್ಕನೆಯ ದಿನ ಸತ್ತಿತು. ಅದನ್ನು ಅನಾಥವಾಗಿಸಿದವನು ನಾನೇ ಎಂದು ಅರಿವಾಗಲು ವರ್ಷಗಳು ಬೇಕಾದವು.

ಜಿಂಕೆ, ಕಡವೆ, ಕಾಡುಕುರಿಗಳ ತಾಯಿ ಎಳೆಯ ಮರಿಯನ್ನು ಮರೆಯಲ್ಲಿ ಅಡಗಿಸಿಟ್ಟು ದೂರ ಮೇಯುತ್ತದೆ. ಮರಿಯ ಮೈವಾಸನೆ ಅತ್ಯಲ್ಪ. ತಾಯಿ ಬಳಿಯಲ್ಲಿದ್ದರೆ ಅದರ ವಾಸನೆ ಹಿಡಿದು ಬೇಟೆಯ ಪ್ರಾಣಿ ಬರಬಹುದು. ಆದ್ದರಿಂದ ಹಾಲೂಡಿಸಲಷ್ಟೇ ಬಂದುಹೋಗುತ್ತದೆ. ನಾವು ಕೈಬಿಟ್ಟಿದೆ ಎಂದು ತಿಳಿಯುವುದು ವಾಸ್ತವದಲ್ಲಿ ಕಾಪಾಡುವ ವಿಧಾನ.

ಎಲ್ಲ ಜೀವಿಗಳಿಗೂ ಒಂದೇ ಲೆಕ್ಕವಿಲ್ಲ. ನಮ್ಮ ಕಾಡಿನ ಕಾಳಿಂಗ ಸರ್ಪ ತರಗೆಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ, ಮೊಟ್ಟೆಯಿಟ್ಟು ಕಾಯುತ್ತದೆ; ಮರಿಗಳು ಹೊರಬರುವ ಮುನ್ನವೇ ಹೊರಟುಹೋಗುತ್ತದೆ. ಮರಿಗೆ ಹುಟ್ಟಿನಿಂದಲೇ ವಿಷವುಂಟು, ಬದುಕುವ ಬಗೆಯೂ ಗೊತ್ತು. ಚಿರತೆಯ ಮರಿಯಾದರೋ ಕಣ್ಣು ತೆರೆಯಲು ಸುಮಾರು ಹತ್ತು ದಿನ, ಹಾಲು ಬಿಡಲು ಸುಮಾರು ಮೂರು ತಿಂಗಳು ಬೇಕು. ಹಾಲು ಬಿಟ್ಟರೂ ಬೇಟೆ ಬಾರದು. ಒಂದರಿಂದ ಒಂದೂವರೆ ವರ್ಷ ತಾಯಿಯ ಬೆನ್ನ ಹಿಂದೆ ಅಲೆದ ಮೇಲೆಯೇ ಸ್ವತಂತ್ರ ಬಾಳು. ಆನೆಯದು ಇನ್ನೂ ದೀರ್ಘ. ಎಳೆಯ ಮರಿಗೆ ಸೊಂಡಿಲು ಬಳಸುವುದೇ ತಿಳಿಯದು. ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ ಮರಿ ಕಾಡಿನಲ್ಲಿ ಉಳಿಯುವುದು ತೀರ ವಿರಳ. ಹಿಂಡಿನ ಹಿರಿಯ ಹೆಣ್ಣಾನೆಗಳು ರಕ್ಷಣೆ ನೀಡಬಲ್ಲವು.

ದೊಡ್ಡ ಮಂಗಟ್ಟೆ ಹಕ್ಕಿಯಲ್ಲಿ ತಂದೆಯೇ ಅನ್ನದಾತ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು, ಬಾಯಿಯನ್ನು ಸೀಳಿನಷ್ಟೇ ಉಳಿಸಿ ಮುಚ್ಚಿಕೊಳ್ಳುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಆ ಗಂಡನ್ನು ಹೊಡೆದವನು ಒಂದು ಗುಂಡಿನಿಂದ ಇಡೀ ಸಂಸಾರವನ್ನೇ ಹಸಿವಿಗೆ ದೂಡಿದಂತೆ.

ಹಾಗಾದರೆ ನಾವು ಮಾಡಬೇಕಾದುದೇನು? ಮರಿ ಗಾಯಗೊಂಡಿಲ್ಲವಾದರೆ, ತಾಯಿ ಸತ್ತಿರುವುದು ಖಚಿತವಲ್ಲದಿದ್ದರೆ, ಮುಟ್ಟದೆ ದೂರ ಸರಿಯಬೇಕು, ನಾಯಿಗಳನ್ನು ಕಟ್ಟಿಹಾಕಬೇಕು. ಗುಂಡಿಗೆ ಬಿದ್ದ ಆನೆಮರಿಯನ್ನು ಮೇಲೆತ್ತಿದ ನಂತರ ಜನರು ಚದುರಿದರೆ ಹಿಂಡು ಬಂದು ಕರೆದೊಯ್ಯುವುದುಂಟು. ಮೊಬೈಲ್ ಹಿಡಿದು ಸುತ್ತುವರಿದರೆ ಆ ದಾರಿಯೇ ಮುಚ್ಚುತ್ತದೆ. ಮಹಾರಾಷ್ಟ್ರದ ಜುನ್ನರ್ ಭಾಗದ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ವೇಳೆ ಚಿರತೆಮರಿಗಳು ಸಿಗುತ್ತವೆ. ಅಲ್ಲಿ ಅರಣ್ಯ ಸಿಬ್ಬಂದಿ ಅವನ್ನು ಸಿಕ್ಕ ಜಾಗದಲ್ಲೇ ಸಂಜೆ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಒಯ್ದ ನಿದರ್ಶನಗಳು ಹಲವು. ಮರಿ ಕಾಣದ ತಾಯಿ ಅದೇ ಗದ್ದೆಯ ಸುತ್ತ ಸುಳಿದಾಡಿದರೆ ಅಪಾಯ ನಮಗೇ ಅಲ್ಲವೇ? ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ಮತ್ತೆ ಗೂಡಿನಲ್ಲಿಡಬಹುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ತೊರೆಯುತ್ತದೆ ಎಂಬುದು ಬರಿಯ ನಂಬಿಕೆ.

ನಿಜಕ್ಕೂ ಅನಾಥವಾದ ಮರಿಯಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡಬೇಕು.

ಮಿತ್ರರೇ, ಕರುಣೆ ಒಳ್ಳೆಯದೇ. ಆದರೆ ತಿಳಿವಿಲ್ಲದ ಕರುಣೆಯೂ ಕೊಲ್ಲುತ್ತದೆ. ಮುಂದೆ ಬೆಟ್ಟದಲ್ಲಿ ಒಂಟಿ ಮರಿ ಕಂಡಾಗ ನನ್ನ ಅಜ್ಜಿಯ ಮಾತನ್ನು ನೆನೆಯಿರಿ: ಇದ್ದಲ್ಲೇ ಬಿಟ್ಟು ಬನ್ನಿ. ತಾಯಿ ಬರುತ್ತದೆ.