ಬೀರುವಿನಲ್ಲಿ ಬಚ್ಚಿಟ್ಟ ಇನ್ಸುಲಿನ್: ಟೈಪ್ ಒನ್ ಮಧುಮೇಹ, ಪ್ರೀತಿ ಮತ್ತು ಮದುವೆ



ಮಧುಮೇಹದ ಬಗ್ಗೆ ನಮ್ಮ ಬೆಂಗಳೂರಿನಲ್ಲಿ ಸಂಕಿರಣಗಳು ಬೇಕಾದಷ್ಟು ನಡೆಯುತ್ತವೆ. ಕಣ್ಣಿಗೊಂದು ಗೋಷ್ಠಿ, ಮೂತ್ರಪಿಂಡಕ್ಕೊಂದು, ಪಾದಕ್ಕೊಂದು. ಪ್ರೀತಿ, ಮದುವೆ, ದಾಂಪತ್ಯದ ಮಾತು ಬಂದರೆ ಅದು ಊಟದ ವಿರಾಮದಲ್ಲಿ, ಗುಸುಗುಸು ದನಿಯಲ್ಲಿ. ಜಯನಗರದ ಈ ಸಭಾಂಗಣದಲ್ಲಿ ಇವತ್ತು ಇಡೀ ದಿನ ಅದೇ ವಿಷಯದ ಚರ್ಚೆ ಎನ್ನುವುದು ನನಗೆ ನಿಜವಾಗಿಯೂ ಸಂತೋಷ ತಂದಿದೆ. ಆಶಯ ಭಾಷಣವಾಗಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಟೈಪ್ ಒನ್ ಇರುವವರು ಅದನ್ನು ತಮ್ಮ ಸಂಗಾತಿಯಿಂದ ಮುಚ್ಚಿಡಬೇಕಾಗಿ ಬಂದ ದಿನದಿಂದಲೇ ಅವರ ಚಿಕಿತ್ಸೆ ಹದಗೆಡುತ್ತದೆ. ಆದ್ದರಿಂದ ಆ ಮುಚ್ಚುಮರೆ ಕ್ಲಿನಿಕ್ಕಿನ ಒಳಗಿನ ವಿಷಯ, ನಾವು ಕೇಳಲೇಬೇಕಾದ ವಿಷಯ.

ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದು ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗಿ, ತಿಂಗಳಿಂದ ಪರಿಚಯವಿರುವ ಹುಡುಗನ ಜೊತೆ ಜಯನಗರ 4ನೇ ಬ್ಲಾಕಿನ ಹೋಟೆಲಿಗೆ ಬಂದಿದ್ದಾಳೆ. ಶನಿವಾರ, ವಿಪರೀತ ರಶ್ಶು. ಮಸಾಲೆದೋಸೆಗೆ ಹೇಳಿದ್ದಾರೆ. ವೇಗದ ಇನ್ಸುಲಿನ್ ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಹೋಗಬೇಕು. ಪೆನ್ನಿಗೆ ಸೂಜಿ ಹಾಕಿ, ಯೂನಿಟ್ಟು ತಿರುಗಿಸಿ, ಹೊಟ್ಟೆಗೆ ಚುಚ್ಚಿ ಹತ್ತು ಎಣಿಸುವುದಕ್ಕೆ ಒಂದು ನಿಮಿಷ ಸಾಕು. ಕೂತಲ್ಲೇ ಆಗುವ ಕೆಲಸ. ಆದರೆ ಹುಡುಗನಿಗೆ ಅವಳು ಇನ್ನೂ ಹೇಳಿಲ್ಲ. ಕೈ ತೊಳೆದು ಬರುತ್ತೇನೆಂದು ಬ್ಯಾಗು ಹಿಡಿದು ಎದ್ದು, ಟಾಯ್ಲೆಟ್ಟಿನಲ್ಲಿ ನಿಂತು ಚುಚ್ಚಿಕೊಂಡು ಬರುತ್ತಾಳೆ. ದೋಸೆ ಬರುವುದಿಲ್ಲ. ಇಪ್ಪತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಒಳಗೆ ಹೋದ ಇನ್ಸುಲಿನ್ ಅಡುಗೆಯವರಿಗಾಗಿ ಕಾಯುವುದಿಲ್ಲ. ಕೈ ನಡುಗುತ್ತದೆ, ಹಣೆ ಬೆವರುತ್ತದೆ, ಸಣ್ಣ ಮಾತಿಗೂ ಸಿಡುಕು. ಎದುರು ಕೂತವನು ತನ್ನಿಂದ ಏನು ತಪ್ಪಾಯಿತು ಎಂದು ಕಂಗಾಲಾಗುತ್ತಾನೆ.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೇಕಾದ್ದು 15 ಗ್ರಾಂ ಗ್ಲೂಕೋಸು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪ್ರೀತಿಯಿಂದ ತಂದ ಚಾಕೊಲೇಟು ಅಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ನಮ್ಮ ಹೋಟೆಲುಗಳಲ್ಲಿ ಸಕ್ಕರೆಗೆ ಬರವಿಲ್ಲ, ಆದರೆ ಅದನ್ನು ಕೇಳಲು ಅವಳಿಗೆ ಬಾಯಿ ಬರುತ್ತಿಲ್ಲ. ಹೇಗೋ ಆ ಸಂಜೆ ದಾಟುತ್ತದೆ. ಮುಂದಿನ ಭೇಟಿಗೆ ಅವಳು ಇನ್ಸುಲಿನ್ನನ್ನೇ ಬಿಟ್ಟುಬಿಡುತ್ತಾಳೆ. ರಾತ್ರಿ ಪಿಜಿಗೆ ಮರಳುವ ಹೊತ್ತಿಗೆ ಸಕ್ಕರೆ 300 ದಾಟಿರುತ್ತದೆ. ಮೂರು ತಿಂಗಳಾದ ಮೇಲೆ ವೈದ್ಯರಾದ ನಮ್ಮೆದುರು ಬಂದು ಕೂತಾಗ, ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಏರಿದೆ. "ಯಾಕಮ್ಮಾ, ಡಯೆಟ್ ಸರಿಯಾಗಿ ಮಾಡ್ತಾ ಇಲ್ವಾ?" ಎಂದು ನಾವು ಗದರುತ್ತೇವೆ. ಅವಳು ತಲೆ ತಗ್ಗಿಸಿ "ಮಾಡ್ತೀನಿ ಮೇಡಂ" ಎನ್ನುತ್ತಾಳೆ.

ಈ ಏರಿಕೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ, 1,441 ಮಂದಿಯ ಮೇಲೆ ನಡೆದ ಡಿಸಿಸಿಟಿ ಅಧ್ಯಯನ ತೋರಿಸಿಕೊಟ್ಟಿತು. ಸಕ್ಕರೆಯನ್ನು ಬಿಗಿಯಾಗಿ ನೋಡಿಕೊಂಡವರಲ್ಲಿ ಕಣ್ಣಿನ ಕಾಯಿಲೆ ಹೊಸದಾಗಿ ಹುಟ್ಟುವ ಅಪಾಯ ಶೇ 76ರಷ್ಟು ಇಳಿದಿತ್ತು. ಟಾಯ್ಲೆಟ್ಟಿನಲ್ಲಿ ಚುಚ್ಚಿಕೊಂಡ, ಚುಚ್ಚಿಕೊಳ್ಳದೇ ಬಿಟ್ಟ ಡೋಸುಗಳೆಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ.

ಹೇಳಲು ಇಷ್ಟು ಅಂಜಿಕೆ ಯಾಕೆ? ಒಂದು ಕಾರಣ, ಜನಕ್ಕೆ ಗೊತ್ತಿರುವುದು ತಾತನ ಶುಗರ್, ಅಂದರೆ ಟೈಪ್ ಟೂ. ಲಾಲ್‌ಬಾಗಿನ ಬೆಳಗಿನ ವಾಕಿಂಗ್, ಹಾಗಲಕಾಯಿ ರಸ, ಸಿಹಿ ಬಿಡುವ ಶಪಥ, ಇವೆಲ್ಲ ಆ ಶುಗರ್‌ಗೆ ಸೇರಿದ ಮಾತು. ಟೈಪ್ ಒನ್ನಿನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕದ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಸಿಹಿ ತಿಂದು ಬಂದದ್ದಲ್ಲ, ಸಿಹಿ ಬಿಟ್ಟು ಹೋಗುವುದೂ ಇಲ್ಲ. ಇನ್ಸುಲಿನ್ ಬೇಕು, ಪ್ರತಿದಿನ ಬೇಕು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇಂಜೆಕ್ಷನ್ ಕೊಡುವವರೆಗೆ ಈ ಕಾಯಿಲೆ ಬಂದ ಮಕ್ಕಳು ಮದುವೆಯ ವಯಸ್ಸು ಮುಟ್ಟುವುದೇ ಅಪರೂಪವಾಗಿತ್ತು. ನಾವಿಂದು ಚರ್ಚಿಸುತ್ತಿರುವ ಪ್ರಶ್ನೆ ಹುಟ್ಟಿದ್ದೇ ಆ ಔಷಧಿಯಿಂದ. ನೂರು ವರ್ಷ ದಾಟಿದರೂ ಅದಕ್ಕೆ ತಕ್ಕ ಸಾಮಾಜಿಕ ನಡವಳಿಕೆಯನ್ನು ನಾವು ಕಲಿತಿಲ್ಲ.

ಇನ್ನೊಂದು ಕಾರಣ ಮದುವೆ ಮಾರುಕಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಬನಶಂಕರಿಯ, ಜೆಪಿ ನಗರದ ಓದಿದ ಮನೆಗಳಲ್ಲೂ ಇನ್ನೂ ನಂಬುತ್ತಾರೆ. "ಈಗಲೇ ಹೇಳಬೇಡ, ಮೊದಲು ಒಪ್ಪಿಗೆಯಾಗಲಿ" ಎನ್ನುವ ಅಮ್ಮನಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಜಾತಕ ಕೂಡಿದ ಮೇಲೂ ತಿರುಗಿಹೋದ ಸಂಬಂಧಗಳನ್ನು ಕಂಡು ಆಕೆ ಹೆದರಿದ್ದಾಳೆ. ಆ ಭಯವನ್ನು ನಾನು ಗೌರವಿಸುತ್ತೇನೆ, ಸಲಹೆಯನ್ನು ಮಾತ್ರ ಒಪ್ಪಲಾರೆ. ಕಾನೂನಿನ ಮಾತೂ ಇಲ್ಲಿದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ, ಮುಖ್ಯವಾದ ಸಂಗತಿಯನ್ನು ಮರೆಮಾಚಿ ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದು ಮಾಡುವಂತೆ ಅರ್ಜಿ ಹಾಕಬಹುದು. ಯಾವುದು ಅಂಥ ಸಂಗತಿ ಎಂಬುದನ್ನು ನ್ಯಾಯಾಲಯ ಒಂದೊಂದು ಪ್ರಕರಣದಲ್ಲಿ ತೂಗಿ ನೋಡುತ್ತದೆ. ಕಾಯಿಲೆ ಮದುವೆಗೆ ಅಡ್ಡಿಯಲ್ಲ. ಮುಚ್ಚಿಟ್ಟದ್ದು ಮಾತ್ರ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸಬಹುದು.

ಹೆಣ್ಣು ನೋಡಲು ಬಂದವರ ಮನಸ್ಸಿನಲ್ಲಿರುವ ಪ್ರಶ್ನೆ ನಮಗೆಲ್ಲ ಗೊತ್ತು: ಮಕ್ಕಳಿಗೂ ಬಂದರೆ? ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೊಡುವ ಲೆಕ್ಕವನ್ನು ಅವರ ಮುಂದಿಡಬೇಕು. ತಂದೆಗೆ ಟೈಪ್ ಒನ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ 17ರಲ್ಲಿ ಒಂದು. ತಾಯಿಗೆ ಇದ್ದು, 25ನೇ ವಯಸ್ಸಿಗೆ ಮುಂಚೆ ಹೆತ್ತರೆ 25ರಲ್ಲಿ ಒಂದು. 25ರ ನಂತರ ಹೆತ್ತರೆ 100ರಲ್ಲಿ ಒಂದು. ಇವು ಪಶ್ಚಿಮದ ಜನಸಮುದಾಯಗಳಿಂದ ಬಂದ ಅಂಕಿಗಳು, ನಿಜ. ಆದರೂ ಅವು ಹೇಳುವುದನ್ನು ಗಮನಿಸಿ. ತಾಯಿಗಿಂತ ತಂದೆಯ ಕಡೆಯಿಂದಲೇ ಸಾಧ್ಯತೆ ಹೆಚ್ಚು. ನಾವು ಮಾತ್ರ ಈ ಪ್ರಶ್ನೆಯನ್ನು ಹುಡುಗಿಗೇ ಹಾಕುತ್ತ ಬಂದಿದ್ದೇವೆ. ಇದು ಶುದ್ಧ ಅನ್ಯಾಯ.

ವಂಶವಾಹಿಯೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ನಮ್ಮ ದಕ್ಷಿಣ ಬೆಂಗಳೂರಿಗೆ ಹತ್ತಿರದ ಸಾಕ್ಷ್ಯವೊಂದಿದೆ. ಜೆಪಿ ನಗರದಲ್ಲಿ ಸಮತ್ವಂ ಮತ್ತು ಜ್ಞಾನ ಸಂಜೀವಿನಿ ಸಂಸ್ಥೆಗಳನ್ನು ಕಟ್ಟಿದ ಡಾ. ಎಸ್. ಶ್ರೀಕಾಂತ ಅವರು ಅದಕ್ಕೆ ಮುಂಚೆ ಬಾಸ್ಟನ್ನಿನಲ್ಲಿ ಜಾರ್ಜ್ ಐಸೆನ್‌ಬಾರ್ತ್ ಮೊದಲಾದವರ ಜೊತೆ ಸಂಶೋಧನೆ ಮಾಡುತ್ತಿದ್ದರು. ಒಂದೇ ಅಂಡದಿಂದ ಹುಟ್ಟಿದ ಅವಳಿ, ತ್ರಿವಳಿಗಳಲ್ಲಿ ಆರಂಭದಲ್ಲಿ ಒಬ್ಬರಿಗೆ ಮಧುಮೇಹ ಬಂದು ಇನ್ನೊಬ್ಬರಿಗೆ ಬರದಿದ್ದ ಪ್ರಸಂಗಗಳನ್ನು ಹಿಂಬಾಲಿಸಿದ ಅವರ ಲೇಖನ 1983ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಜೀನುಗಳೆಲ್ಲ ಒಂದೇ ಆಗಿದ್ದವರ ಹಣೆಬರಹವೇ ಬೇರೆಬೇರೆಯಾಗಿರುವಾಗ, ಇನ್ನೂ ಹುಟ್ಟದ ಮಗುವಿನ ಹೆಸರಿನಲ್ಲಿ ಒಬ್ಬ ಹುಡುಗಿಯನ್ನು ಬೇಡವೆನ್ನಲು ವಿಜ್ಞಾನದ ಆಸರೆ ಸಿಗುವುದಿಲ್ಲ. ಮಗು ಬೇಕೆನ್ನುವವರಿಗೆ ನಾವು ಕೊಡಬೇಕಾದ ಸಲಹೆ ಬೇರೆ ಇದೆ. ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಸಲ ಬಸಿರು ಗೊತ್ತಾಗುವುದಕ್ಕೂ ಮುಂಚೆ. ಹಾಗಾಗಿ ಎಚ್‌ಬಿಎ1ಸಿಯನ್ನು ಶೇ 6.5ಕ್ಕಿಂತ ಕೆಳಗೆ ತಂದುಕೊಂಡು ಗರ್ಭ ಧರಿಸುವುದು ಒಳ್ಳೆಯದು. ಗಂಡನಿಗೆ ಗೊತ್ತೇ ಇಲ್ಲದ ಮನೆಯಲ್ಲಿ ಈ ತಯಾರಿ ಹೇಗೆ ಸಾಧ್ಯ?

ಮುಚ್ಚಿಟ್ಟು ಮದುವೆಯಾದವರ ದಿನಚರಿಯನ್ನು ಹತ್ತಿರದಿಂದ ನೋಡಬೇಕು. ತೆರೆಯದ ಇನ್ಸುಲಿನ್ ಇರಬೇಕಾದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯ ತಂಪಿನಲ್ಲಿ. ಅತ್ತೆ ಮನೆಯ ಫ್ರಿಜ್ಜಿನ ಬಾಗಿಲನ್ನು ಎಲ್ಲರೂ ತೆಗೆಯುತ್ತಾರೆ. ಆದ್ದರಿಂದ ಕಾರ್ಟ್ರಿಜ್ಜುಗಳು ಬೀರುವಿಗೆ, ಸೀರೆಗಳ ಅಡಿಗೆ ಹೋಗುತ್ತವೆ, ಏಪ್ರಿಲ್ ಸೆಕೆಯಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಶ್ರಾವಣದ ಮಂಗಳಗೌರಿ ವ್ರತದಲ್ಲಿ ಪೂಜೆ ಮುಗಿಯುವವರೆಗೆ ಊಟವಿಲ್ಲ. ಊಟವಿಲ್ಲದಿದ್ದರೂ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ಬಿಡುವಂತಿಲ್ಲ. ಬಿಟ್ಟರೆ ರಕ್ತದಲ್ಲಿ ಆಮ್ಲ ಹೆಚ್ಚಿ, ಕೀಟೋಅಸಿಡೋಸಿಸ್ ಆಗಿ ಪ್ರಾಣಕ್ಕೇ ಕುತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೊಸ ಸೊಸೆಗೆ ಇದನ್ನು ಯಾರ ಬಳಿಯೂ ಹೇಳುವಂತಿಲ್ಲ.

ಹೇಳಿದ ಮೇಲೆ ಎಲ್ಲ ಸುಗಮ ಎಂದೂ ನಾನು ಹೇಳುವುದಿಲ್ಲ. ಮೈಗೆ ಅಂಟಿಸಿಕೊಂಡ ಗ್ಲೂಕೋಸ್ ಸೆನ್ಸರಿನ ಅಂಕಿ ಈಗ ಸಂಗಾತಿಯ ಮೊಬೈಲಿಗೂ ಹೋಗುತ್ತದೆ. ನಡುರಾತ್ರಿ ಶುಗರ್ ಲೋ ಆದಾಗ ಆ ಅಲಾರಂ ಜೀವ ಉಳಿಸಬಹುದು. ಅದೇ ಮೊಬೈಲು ಹಿಡಿದು "180 ಯಾಕಾಯ್ತು? ಏನು ತಿಂದೆ?" ಎಂದು ಆಫೀಸಿನಿಂದ ಫೋನು ಮಾಡಲು ಶುರುವಾದರೆ ಪ್ರೀತಿ ಹೋಗಿ ಪೊಲೀಸುಗಿರಿ ಬರುತ್ತದೆ. ಯಾವ ಹೊತ್ತಿಗೆ ನೆರವು ಬೇಕು, ಯಾವ ಹೊತ್ತಿಗೆ ಬೇಡ ಎಂದು ಇಬ್ಬರೂ ಕೂತು ಮಾತಾಡಿಕೊಳ್ಳಬೇಕು. ದೇಹಸಂಬಂಧದ ಬಗ್ಗೆಯೂ ಬಿಚ್ಚಿ ಹೇಳೋಣ. ಅದೂ ಶ್ರಮವೇ; ಸಕ್ಕರೆ ಇಳಿಯಬಹುದು, ಗ್ಲೂಕೋಸು ಹಾಸಿಗೆಯ ಪಕ್ಕದಲ್ಲಿರಲಿ. ಮದ್ಯ ಕುಡಿದರೆ ಲಿವರ್ ಗ್ಲೂಕೋಸು ಬಿಡುಗಡೆ ಮಾಡುವುದನ್ನು ತಗ್ಗಿಸುತ್ತದೆ. ಪಾರ್ಟಿ ಮುಗಿದು ಮಲಗಿದ ಮೇಲೆ, ಮಾರನೆ ಬೆಳಗ್ಗೆ ಕೂಡ ಸಕ್ಕರೆ ಕುಸಿಯಬಹುದು. ನೋಡಿದವರು ಕುಡಿದ ಅಮಲೆಂದು ಸುಮ್ಮನಾದರೆ ಅನಾಹುತ.

ಯಾವಾಗ ಹೇಳಬೇಕು ಎಂದು ಹುಡುಗ ಹುಡುಗಿಯರು ಕೇಳುತ್ತಾರೆ. ನನ್ನ ಅಭಿಪ್ರಾಯ ಇದು. ಲೋ ಆದರೆ ಸಕ್ಕರೆ ನೀರು ಕೊಡಿ ಎನ್ನುವಷ್ಟನ್ನು ಮೊದಲ ಭೇಟಿಯಲ್ಲೇ ಹೇಳಿ, ಅದು ನಿಮ್ಮ ಸುರಕ್ಷತೆಯ ಮಾತು. ಉಳಿದದ್ದನ್ನು ನಂಬಿಕೆ ಬಂದಷ್ಟು ಹೇಳಿ. ಹಿರಿಯರು ಕೂಡಿಸುವ ಸಂಬಂಧವಾದರೆ ನಿಶ್ಚಿತಾರ್ಥಕ್ಕೆ ಮುಂಚೆ, ಬ್ರೋಕರ್ ಮೂಲಕವಲ್ಲ, ಅಪ್ಪನ ಮೂಲಕವೂ ಅಲ್ಲ, ನೀವೇ ಹೇಳಿ. ಕೇಳಿ ಹಿಂದೆ ಸರಿದವರು ಸರಿಯಲಿ. ಆ ನೋವು ದೊಡ್ಡದು, ಆದರೆ ಬೀರುವಿನಲ್ಲಿ ಇನ್ಸುಲಿನ್ ಬಚ್ಚಿಟ್ಟು ಕಳೆಯುವ ವರ್ಷಗಳ ನೋವು ಅದಕ್ಕಿಂತ ದೊಡ್ಡದು.

ವೈದ್ಯ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಹದಿನೆಂಟು ದಾಟಿದವರು ಬಂದಾಗ ಜೊತೆಗೆ ಬಂದ ತಂದೆತಾಯಿಯನ್ನು ಹತ್ತು ನಿಮಿಷ ಹೊರಗೆ ಕೂರಿಸಿ. "ಇನ್ಸುಲಿನ್ ಯಾರೆದುರು ತೆಗೆದುಕೊಳ್ಳಲು ನಿಮಗೆ ಸಂಕೋಚ?" ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಎಚ್‌ಬಿಎ1ಸಿಯ ಪಕ್ಕದಲ್ಲೇ ಬರೆದಿಡಿ. ಸಂಗಾತಿ ಬರಲು ಒಪ್ಪಿದರೆ ಕರೆಸಿ ಕೂರಿಸಿ ಕಲಿಸಿಕೊಡಿ. ಮುಂದಿನ ಗೋಷ್ಠಿಯಲ್ಲಿ ಮಾತನಾಡುವವರು ಟೈಪ್ ಒನ್ ಇರುವ ದಂಪತಿಗಳು. ಅವರ ಮಾತು ಪೂರ್ತಿ ಮುಗಿಯುವವರೆಗೆ ನಾವು, ವೈದ್ಯರು, ಮೈಕು ಕೇಳದೆ ಕೂತು ಆಲಿಸಬೇಕೆಂದು ಕೋರುತ್ತೇನೆ.