ಒಂದಂಗುಲದ ಬಿಡುವು



ಕಾಲೇಜಿನಲ್ಲಿ ಇಂಗ್ಲಿಷ್ ನಾಟಕಗಳನ್ನು ಪಾಠ ಹೇಳುವವನು ಮೋಟಾರು ಗಾಡಿಯ ಕ್ಲಚ್ಚನ್ನು ಕುರಿತು ಮಾತನಾಡಲು ಹೊರಟುದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ತನ್ನ ಅಜ್ಞಾನಕ್ಕೆ ದಂಡ ತೆತ್ತವನಿಗೆ ಆ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ತಾನಾಗಿ ಬರುವುದಷ್ಟೆ.

ಕೊಡಗಿನ ಮಾದಾಪುರದ ಬಳಿ ನನ್ನ ಸೋದರಮಾವನವರಿಗೆ ಸಣ್ಣದೊಂದು ಕಾಫಿ ತೋಟವುಂಟು. ತೋಟದೊಡನೆ ಹಳೆಯ ವಿಲ್ಲಿಸ್ ಜೀಪೊಂದುಂಟು. ಬ್ರಿಟನ್ನಿನ ಕಾರುಪ್ರೇಮಿಗಳು ‘ವಿಂಟೇಜ್’ ಎಂಬ ಮಾತನ್ನು 1919ರಿಂದ 1930ರವರೆಗಿನ ಗಾಡಿಗಳಿಗೆ ಮೀಸಲಾಗಿಡುತ್ತಾರೆ. ನಮ್ಮ ಜೀಪು ಅಷ್ಟು ವಯೋವೃದ್ಧವಲ್ಲ. ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದ ಗಾಡಿಗಳ ವಂಶ ಅದರದು. 1947ರಲ್ಲಿ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಈ ಕುಲ ನಮ್ಮ ದೇಶದಲ್ಲಿಯೂ ನೆಲೆಯೂರಿತು. ಜನರಲ್ ತಿಮ್ಮಯ್ಯನವರ ಹುಟ್ಟೂರಾದ ಮಡಿಕೇರಿಯ ಸೀಮೆಗೆ ಸೈನ್ಯದ ಗಾಡಿ ಹೊಸತೆನಿಸಲಿಲ್ಲ. ಏರುಹಾದಿ, ಕೆಸರು, ಕಾಫಿಮೂಟೆ ಇವು ಮೂರಕ್ಕೂ ಅದು ಒಗ್ಗಿತು.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ, ತೋಟದ ಲೈನುಮನೆಯ ವೃದ್ಧೆಯೊಬ್ಬಳಿಗೆ ಜ್ವರ ಏರಿ ಮಾತು ತೊದಲತೊಡಗಿತು. ಮಾವನವರು ಊರಿನಲ್ಲಿರಲಿಲ್ಲ. ಆಕೆಯನ್ನೂ ಆಕೆಯ ಮಗನನ್ನೂ ಕೂರಿಸಿಕೊಂಡು ನಾನೇ ಮಡಿಕೇರಿಯ ಆಸ್ಪತ್ರೆಗೆ ಹೊರಟೆನು. ಹಟ್ಟಿಹೊಳೆಯನ್ನು ದಾಟಿ ಮಕ್ಕಂದೂರಿನ ಕಡೆಗೆ ಏರುವ ದಾರಿ ಅದು. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಈ ಸೀಮೆಯ ಗುಡ್ಡಗಳು ಕುಸಿದುದನ್ನು ತಾವು ಮರೆತಿರಲಾರಿರಿ. ಏರಿನ ನಡುವೆ ಎಂಜಿನ್ನು ಗರ್ಜಿಸಿತು, ಗಾಡಿ ಮಾತ್ರ ಮುಂದಕ್ಕೆ ಸರಿಯಲಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಚಕ್ರಗಳಿಗೆ ಕಲ್ಲು ಕೊಟ್ಟು, ಸುರಿಯುವ ಮಳೆಯಲ್ಲಿ ನಾವು ಒಂದು ಗಂಟೆಗೂ ಹೆಚ್ಚು ಕಾಲ ನಿಂತೆವು. “ಅಯ್ಯಾ, ನನ್ನ ಹಾಗೆ ನಿಮ್ಮ ಗಾಡಿಗೂ ಜ್ವರ ಬಂದದೆ” ಎಂದಳು ಆ ಮುದುಕಿ. ನನಗೆ ನಗು ಬರಲಿಲ್ಲ. ಕೊನೆಗೆ ತರಕಾರಿ ಲಾರಿಯೊಂದು ಬಂದು ನಮ್ಮನ್ನು ಹತ್ತಿಸಿಕೊಂಡಿತು. ಆಕೆ ಬದುಕಿದಳು. ಆದರೆ ಆ ಒಂದು ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ.

ಮರುದಿನ ಊರಿನ ಹಳೆಯ ಡ್ರೈವರೊಬ್ಬರು ಬಂದರು. ಗಾಡಿಯ ಒಳಕ್ಕೆ ಬಗ್ಗಿ ಪೆಡಲನ್ನು ಅಂಗೈಯಿಂದ ಮೆಲ್ಲನೆ ಒತ್ತಿ, “ಮೇಷ್ಟ್ರೇ, ಇದಕ್ಕೆ ಪ್ಲೇ ಎಂಬುದೇ ಇಲ್ಲವಲ್ಲ! ನೀವು ಗಾಡಿ ಓಡಿಸುವಾಗ ಎಡಗಾಲನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ?” ಎಂದು ಕೇಳಿದರು. ಪೆಡಲಿನ ಮೇಲೆಯೇ ಎಂದು ನಾನು ಒಪ್ಪಿಕೊಳ್ಳಬೇಕಾಯಿತು.

ಈ ‘ಪ್ಲೇ’ ಎಂದರೇನು? ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವ್ಹೀಲ್ ಎಂಬ ಭಾರವಾದ ಚಕ್ರ ತಿರುಗುತ್ತಿರುತ್ತದೆ. ಅದಕ್ಕೂ, ಸ್ಪ್ರಿಂಗುಗಳ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ, ಇಕ್ಕುಳದಲ್ಲಿ ಸಿಕ್ಕಂತೆ ಕ್ಲಚ್ ಪ್ಲೇಟು ಇರುತ್ತದೆ. ಎಂಜಿನ್ನಿನ ಬಲವನ್ನು ಗೇರುಪೆಟ್ಟಿಗೆಗೆ ದಾಟಿಸತಕ್ಕದ್ದು ಈ ಹಿಡಿತವೇ. ನಾವು ಪೆಡಲನ್ನು ತುಳಿದಾಗ ಕೆಳಗಿನ ಸನ್ನೆ, ಕೇಬಲ್ಲು, ಕವಲುಗಳು ಒಂದನ್ನೊಂದು ಎಳೆದು ರಿಲೀಸ್ ಬೇರಿಂಗನ್ನು ತಳ್ಳುತ್ತವೆ. ಅದು ಒಳಗಿನ ಸಣ್ಣ ಸನ್ನೆಗಳ ತುದಿಯನ್ನು ಒತ್ತಿ ಹಿಡಿತವನ್ನು ಸಡಿಲಿಸುತ್ತದೆ. ಕಾಲು ತೆಗೆದಾಗ ಬೇರಿಂಗಿಗೂ ಆ ತುದಿಗಳಿಗೂ ಒಂದೆರಡು ಮಿಲಿಮೀಟರ್ ಅಂತರ ಉಳಿಯಬೇಕು. ಸನ್ನೆಗಳ ಮೂಲಕ ಅದು ಪೆಡಲಿನ ಬಳಿ ಸುಮಾರು ಮುಕ್ಕಾಲರಿಂದ ಒಂದಂಗುಲದಷ್ಟಾಗಿ ಕಾಣಿಸುತ್ತದೆ.

ಸವೆದುದು ಸಡಿಲವಾಗುವುದು ಲೋಕರೂಢಿ. ಇಲ್ಲಿ ಅದಕ್ಕೆ ವ್ಯತಿರಿಕ್ತ. ಕ್ಲಚ್ ಪ್ಲೇಟು ಸವೆದು ತೆಳುವಾದಂತೆ ಪ್ರೆಷರ್ ಪ್ಲೇಟು ಮುಂದೆ ಸರಿಯುತ್ತದೆ, ಸನ್ನೆಗಳ ತುದಿ ಹಿಂದಕ್ಕೆ ಬಂದು ಬೇರಿಂಗನ್ನು ಮುಟ್ಟುತ್ತದೆ, ಬಿಡುವು ಇಲ್ಲವಾಗುತ್ತದೆ. ಆಗ ಯಾರೂ ತುಳಿಯದಿದ್ದರೂ ಕ್ಲಚ್ಚು ತುಸು ತುಳಿದಂತೆಯೇ ಇದ್ದು, ಏರಿನಲ್ಲಿ ಜಾರಿ, ಸುಡುತ್ತದೆ. ಬಿಡುವು ಅತಿಯಾದರೋ, ಪೂರ್ತಿ ತುಳಿದರೂ ಹಿಡಿತ ಬಿಡದೆ ಗೇರಿನ ಹಲ್ಲುಗಳು ಕರಕರನೆ ಅರಚುತ್ತವೆ.

ಇನ್ನು ಸರಿಪಡಿಸುವ ಕ್ರಮ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಚಕ್ರಗಳಿಗೆ ಕಲ್ಲು ಕೊಡಬೇಕು. ಪೆಡಲಿನ ಪಕ್ಕದಲ್ಲಿ ಅಡಿಕೋಲನ್ನು ಹಿಡಿದು, ಕೈಗೆ ಬಿಗಿ ತಾಕುವವರೆಗೆ ಅದು ಎಷ್ಟು ಸರಿಯುವುದೆಂದು ಅಳೆಯಬೇಕು. ಅದಕ್ಕೆ ಮುನ್ನ ಕೀಲುಗಳ ಪಿನ್ನುಗಳನ್ನು ಅಲುಗಿಸಿ ನೋಡತಕ್ಕದ್ದು. ಪಿನ್ನು ಸವೆದು ತೂತು ಮೊಟ್ಟೆಯಾಕಾರವಾಗಿದ್ದರೆ, ಆ ಸಡಿಲವೇ ಪೆಡಲಿನಲ್ಲಿ ಬಿಡುವಿನ ವೇಷ ಹಾಕಿ ನಮ್ಮನ್ನು ವಂಚಿಸುತ್ತದೆ. ಅನಂತರ ಕೇಬಲ್ಲಿನ ತುದಿಯ ಲಾಕ್ ನಟ್ಟನ್ನು ಸಡಿಲಿಸಿ, ಹೊಂದಿಸುವ ತಿರುಪನ್ನು ಅರ್ಧರ್ಧ ಸುತ್ತು ತಿರುಗಿಸಬೇಕು. ಕೇಬಲ್ಲು ಉದ್ದವಾದರೆ ಬಿಡುವು ಹೆಚ್ಚುತ್ತದೆ, ಗಿಡ್ಡವಾದರೆ ಕುಗ್ಗುತ್ತದೆ. ಪ್ರತಿ ಸಲವೂ ಪೆಡಲನ್ನು ನಾಲ್ಕಾರು ಬಾರಿ ತುಳಿದು ಮತ್ತೆ ಅಳೆಯಬೇಕು. ಅಳತೆ ಕೂಡಿಬಂದ ಮೇಲೆ ಲಾಕ್ ನಟ್ಟನ್ನು ಬಿಗಿಮಾಡಿ, ಬಿಚ್ಚಿದ ಸ್ಪ್ಲಿಟ್ ಪಿನ್ನಿಗೆ ಬದಲು ಹೊಸದನ್ನು ಹಾಕಿ, ಕೀಲುಗಳಿಗೆ ಗ್ರೀಸು ಕೊಡಬೇಕು. ಎಂಜಿನ್ನು ನಡೆಯುತ್ತಿರುವಾಗ ಪೆಡಲು ತುಳಿದು, ಕ್ಷಣಕಾಲ ತಡೆದು ರಿವರ್ಸ್ ಹಾಕಿದರೆ ಸದ್ದಾಗಕೂಡದು.

ನಮ್ಮ ಜೀಪಿಗೆ ಈ ಚಿಕಿತ್ಸೆ ಮಾತ್ರ ಸಾಲಲಿಲ್ಲ. ಪ್ಲೇಟು ಆಗಲೇ ಸುಟ್ಟಿತ್ತು. ಗೇರುಪೆಟ್ಟಿಗೆ ಇಳಿಸಿ ಹೊಸದನ್ನು ಹಾಕಿಸಬೇಕಾಯಿತು. ಕಾಲುಗಂಟೆಯ ಕೆಲಸವನ್ನು ಸಕಾಲದಲ್ಲಿ ಮಾಡದೆ ಹೋದುದರಿಂದ ಮೂರು ದಿನದ ಕೆಲಸ ಬಿತ್ತು. ಹಣದ ಮಾತು ಹಾಗಿರಲಿ. ಆ ಲಾರಿ ಬಾರದೆ ಹೋಗಿದ್ದರೆ?

ಈಗ ತೋಟಕ್ಕೆ ಹೋದಾಗಲೆಲ್ಲ ಜೀಪನ್ನು ಹತ್ತುವ ಮುನ್ನ ನಾನು ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ನೋಡುತ್ತೇನೆ. ಆ ಮುದುಕಿ ಕಂಡರೆ, “ಗಾಡಿಯ ನಾಡಿ ಹೇಗದೆ, ಅಯ್ಯಾ?” ಎಂದು ವಿಚಾರಿಸುತ್ತಾಳೆ. ಗಾಡಿ ಹೊರಟ ಮೇಲೆ ನನ್ನ ಎಡಗಾಲು ಪೆಡಲನ್ನು ಬಿಟ್ಟು ನೆಲದ ಮೇಲಿರುತ್ತದೆ. ಹಳೆಯ ಗಾಡಿಯುಳ್ಳ ತಾವೂ ಈ ವಾರದಲ್ಲಿ ಒಮ್ಮೆ ಅಡಿಕೋಲು ಹಿಡಿದು ನೋಡಬೇಕೆಂಬುದಷ್ಟೇ ನನ್ನ ಬಿನ್ನಹ.