ಮಕ್ಕಳಿಗಾಗಿ ಕೂಡಿ ಕೇಳಿದ ನ್ಯಾಯ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ದಿನದಂದು ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ಸೇರಿದಾಗ ಅದನ್ನು ಕಟ್ಟಿದ ಹಿರಿಯರನ್ನು ಸ್ಮರಿಸುವುದು ನಮ್ಮ ಕರ್ತವ್ಯ. ಅವರು ಗೋಡೆಗಳನ್ನು ಮಾತ್ರ ಕಟ್ಟಲಿಲ್ಲ, ಮಕ್ಕಳ ಸುತ್ತ ಒಂದು ಕಾವಲನ್ನೂ ಕಟ್ಟಿದರು. ಧರ್ಮೋಪದೇಶದ ತರಗತಿ, ಸಂಜೆಯ ಜಪಸರ, ನೆರೆಹೊರೆಯವರ ಕಣ್ಣು ಇವುಗಳ ನಡುವೆ ಮಗು ಬೆಳೆಯುತ್ತಿತ್ತು. ಅಪರಿಚಿತನೊಬ್ಬನು ಮಗುವನ್ನು ಮಾತನಾಡಿಸಿದರೆ, ಅವನಾರೆಂದು ಕೇಳುವವರು ಬೀದಿಯಲ್ಲಿ ಒಬ್ಬರಾದರೂ ಇರುತ್ತಿದ್ದರು. ಇಂದಿನ ಅಪರಿಚಿತನು ಬೀದಿಯಲ್ಲಿ ನಡೆದು ಬರುವುದಿಲ್ಲ, ಮಗುವಿನ ಅಂಗೈಯಲ್ಲಿರುವ ಮೊಬೈಲಿನೊಳಗಿಂದಲೇ ಬರುತ್ತಾನೆ. ಇದರ ವಿರುದ್ಧ ಅಮೆರಿಕ ದೇಶದ ತಂದೆತಾಯಂದಿರು, ಶಾಲೆಗಳು ಮತ್ತು ರಾಜ್ಯಗಳು ಒಟ್ಟಾಗಿ ನ್ಯಾಯಾಲಯಕ್ಕೆ ಹೋದ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

2021ರಲ್ಲಿ ಫೇಸ್‌ಬುಕ್ ಸಂಸ್ಥೆಯ ಮಾಜಿ ನೌಕರಳಾದ ಫ್ರಾನ್ಸೆಸ್ ಹಾಗನ್ ಎಂಬಾಕೆ ಆ ಸಂಸ್ಥೆಯ ಒಳಗಿನ ಕಾಗದಪತ್ರಗಳನ್ನು ಬಯಲಿಗೆ ತಂದು ಅಮೆರಿಕದ ಸೆನೆಟ್ ಸಭೆಯ ಮುಂದೆ ಸಾಕ್ಷ್ಯ ನುಡಿದಳು. ತಮ್ಮ ದೇಹದ ಅಂದಚಂದವನ್ನು ಕುರಿತು ಕೊರಗುವ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲೊಬ್ಬಳ ಕೊರಗನ್ನು ಇನ್‌ಸ್ಟಾಗ್ರಾಂ ಇನ್ನೂ ಹೆಚ್ಚಿಸುತ್ತದೆಂದು ಸಂಸ್ಥೆಯ ಸ್ವಂತ ಸಂಶೋಧನೆಯೇ ತಿಳಿಸಿತ್ತು. ಅದನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂದು ಸಂಸ್ಥೆ ವಾದಿಸಿತು. ಆದರೆ ಅಲ್ಲಿಯವರೆಗೆ ತಮ್ಮ ಮನೆಯ ದುಃಖ ತಮ್ಮೊಬ್ಬರದೇ ಎಂದು ನಂಬಿದ್ದ ಎಷ್ಟೋ ತಾಯಂದಿರಿಗೆ ಅದು ಅನೇಕ ಮನೆಗಳ ದುಃಖವೆಂದು ಆಗ ತಿಳಿಯಿತು.

2022ರಲ್ಲಿ ನಾನಾ ರಾಜ್ಯಗಳ ಇಂಥ ದಾವೆಗಳನ್ನು ಒಂದುಗೂಡಿಸಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದ ಒಬ್ಬರೇ ನ್ಯಾಯಾಧೀಶೆಯ ಮುಂದೆ ಇಡಲಾಯಿತು. ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಟಿಕ್‌ಟಾಕ್, ಯೂಟ್ಯೂಬ್ ಸೇವೆಗಳ ಒಡೆಯರು ಪ್ರತಿವಾದಿಗಳಾದರು. 2023ರ ಜನವರಿಯಲ್ಲಿ ಸಿಯಾಟಲ್ ನಗರದ ಸಾರ್ವಜನಿಕ ಶಾಲೆಗಳ ಆಡಳಿತವು ದಾವೆ ಹೂಡಿತು. ಅದೇ ವರ್ಷದ ಅಕ್ಟೋಬರ್ 24ರಂದು 33 ರಾಜ್ಯಗಳು ಒಟ್ಟಾಗಿ ಇನ್‌ಸ್ಟಾಗ್ರಾಂನ ಒಡೆತನದ ಮೆಟಾ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದವು. ಪಕ್ಷಭೇದವನ್ನು ಮರೆತು ಇಷ್ಟು ರಾಜ್ಯಗಳು ಮಕ್ಕಳಿಗಾಗಿ ಒಂದೇ ಅರ್ಜಿಗೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ.

ದಾರಿಯಲ್ಲಿ ದೊಡ್ಡದೊಂದು ಬಂಡೆಯಿತ್ತು. ಇತರರು ಬರೆದದ್ದಕ್ಕೆ ಜಾಲತಾಣದ ಒಡೆಯನು ಹೊಣೆಯಲ್ಲವೆಂದು ಅಲ್ಲಿನ 1996ರ ಕಾನೂನು ಹೇಳುತ್ತದೆ. ಆದುದರಿಂದ ವಾದಿಗಳ ವಕೀಲರು ಬರಹವನ್ನು ಬಿಟ್ಟು ಯಂತ್ರದ ರಚನೆಯನ್ನೇ ಪ್ರಶ್ನಿಸಿದರು. ಮಗುವಿನ ವಯಸ್ಸನ್ನು ಸರಿಯಾಗಿ ವಿಚಾರಿಸದಿರುವುದು, ಪಾಲಕರಿಗೆ ನಿಯಂತ್ರಣ ಕೊಡದಿರುವುದು, ಖಾತೆಯನ್ನು ಮುಚ್ಚುವುದು ಕಷ್ಟವಾಗುವಂತೆ ಮಾಡಿರುವುದು, ಇವು ತಯಾರಕನ ದೋಷಗಳಲ್ಲವೇ ಎಂದು ಕೇಳಿದರು. 2023ರ ನವೆಂಬರಿನಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ ಅವರು ಕೆಲವು ಆರೋಪಗಳನ್ನು ತಳ್ಳಿಹಾಕಿದರೂ ಈ ಬಗೆಯ ಆರೋಪಗಳ ವಿಚಾರಣೆ ಮುಂದುವರಿಯಲಿ ಎಂದರು.

ಖಾಸಗಿತನದ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ಹದಿಮೂರು ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಪಾಲಕರ ಸಮ್ಮತಿಯಿಲ್ಲದೆ ಸಂಗ್ರಹಿಸಬಾರದೆಂದು ಅಮೆರಿಕ 1998ರಲ್ಲೇ ಕಾನೂನು ಮಾಡಿತ್ತು. ಅದನ್ನು ಮೀರಿದ ಆರೋಪಕ್ಕೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ 17 ಕೋಟಿ ಡಾಲರು ತೆರಬೇಕಾಯಿತು. ಮಕ್ಕಳ ದೂರವಾಣಿ ಸಂಖ್ಯೆ ಮತ್ತು ಈಮೇಲ್ ವಿಳಾಸಗಳು ಬಹಿರಂಗವಾಗಲು ಎಡೆಮಾಡಿದ್ದಕ್ಕಾಗಿ ಐರ್ಲೆಂಡಿನ ಅಧಿಕಾರಿಗಳು 2022ರಲ್ಲಿ ಇನ್‌ಸ್ಟಾಗ್ರಾಂಗೆ 40.5 ಕೋಟಿ ಯೂರೋ ದಂಡ ವಿಧಿಸಿದರು. ಇಲಿನಾಯ್ ರಾಜ್ಯದಲ್ಲಿ ಅನುಮತಿಯಿಲ್ಲದೆ ಜನರ ಮುಖಚಹರೆಯನ್ನು ಗುರುತಿಸಿಟ್ಟ ಆಪಾದನೆಯ ಮೇಲೆ ಹೂಡಿದ ಸಾಮೂಹಿಕ ದಾವೆಯಲ್ಲಿ ಫೇಸ್‌ಬುಕ್ 65 ಕೋಟಿ ಡಾಲರಿನ ರಾಜಿಗೆ ಒಪ್ಪಿತು. 2021ರಲ್ಲಿ ನ್ಯಾಯಾಲಯ ಅದನ್ನು ಮಂಜೂರು ಮಾಡಿತು. ಅವರಲ್ಲಿ ಒಬ್ಬೊಬ್ಬನ ನಷ್ಟ ವಕೀಲನ ಫೀಜಿಗೂ ಸಾಲದಷ್ಟು ಅಲ್ಪ. ಎಲ್ಲರ ನಷ್ಟವೂ ಕೂಡಿದಾಗ ಮಹಾಸಂಸ್ಥೆಯೂ ತಲೆಬಾಗಬೇಕಾಯಿತು.

ಪ್ರಿಯರೇ, ಈ ಕೂಡುವಿಕೆ ಧರ್ಮಸಭೆಗೆ ಹೊಸದಲ್ಲ. ಕಾರ್ಖಾನೆಯ ಒಡೆಯನ ಮುಂದೆ ಒಂಟಿ ಕಾರ್ಮಿಕನು ನಿರ್ಬಲನಾದುದರಿಂದ, ಸಂಘ ಕಟ್ಟಿಕೊಳ್ಳುವುದು ಅವನ ಸಹಜ ಹಕ್ಕೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆ ಪತ್ರವನ್ನು ನೆನೆದೇ ಈ ಹೆಸರನ್ನು ಆರಿಸಿಕೊಂಡುದಾಗಿ ತಿಳಿಸಿದ್ದಾರೆ. ಉಪಕರಣವನ್ನೇ ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಕಂಪ್ಯೂಟರನ್ನು ಪರಮಪ್ರಸಾದದ ಸೇವೆಗೆ ಬಳಸಿದ ಬಾಲಕ ಕಾರ್ಲೋ ಅಕುಟಿಸ್ 2025ರ ಸೆಪ್ಟೆಂಬರಿನಲ್ಲಿ ಸಂತಪದವಿಗೇರಿದನು. ಪುಟ್ಟ ಮಕ್ಕಳಿಗೆ ಎಡವುಗಲ್ಲಾಗುವವರನ್ನು ಕುರಿತು ಪ್ರಭು ಯೇಸು ನುಡಿದ ಬೀಸುವ ಕಲ್ಲಿನ ಮಾತು ಮಾತ್ರ ಇಂದಿಗೂ ಅಷ್ಟೇ ಕಠೋರವಾಗಿದೆ.

“ತಂದೆತಾಯಂದಿರು ಎಚ್ಚರದಿಂದಿದ್ದರೆ ಸಾಕಲ್ಲವೇ?” ಎಂಬ ಪ್ರಶ್ನೆ ಏಳಬಹುದು. ನಮ್ಮ ಹೊಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಗುವಿನ ಗಮನವನ್ನು ಹಿಡಿದಿಡಲೆಂದೇ ನುರಿತ ತಂತ್ರಜ್ಞರು ಹಗಲಿರುಳು ದುಡಿಯುತ್ತಿರುವಾಗ, ಹೊಲದಿಂದ, ಕಚೇರಿಯಿಂದ ದಣಿದು ಬಂದ ತಾಯಿಯೊಬ್ಬಳೇ ಸರಿಸಾಟಿಯಾಗಿ ನಿಲ್ಲಲಿ ಎನ್ನುವುದು ನ್ಯಾಯವೇ? ಬಾವಿಗೆ ಕಟ್ಟೆ ಕಟ್ಟದವನು, ಮಗುವನ್ನು ಹಿಡಿದುಕೊಳ್ಳಲಿಲ್ಲವೆಂದು ತಾಯಿಯನ್ನು ದೂರಿದಂತಾಯಿತು.

ಈ ಕಥೆಯಲ್ಲಿ ನಮ್ಮ ನಾಡಿನವರೂ ಇದ್ದಾರೆ. ಮಂಡ್ಯ ಜಿಲ್ಲೆಯ ಮೂಲದ ಕುಟುಂಬದಲ್ಲಿ ಜನಿಸಿದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಿಗೆ ಮನೋವ್ಯಥೆಯ ಅಪಾಯ ಇಮ್ಮಡಿಯೆಂದು 2023ರಲ್ಲಿ ಎಚ್ಚರಿಸಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಮಾಹಿತಿ ರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಮಾಹಿತಿಗೆ ಪಾಲಕರ ಸಮ್ಮತಿಯನ್ನು ಬೇಡುತ್ತದೆ. ಮಕ್ಕಳ ನಡೆನುಡಿಯನ್ನು ಬೆನ್ನಟ್ಟಿ ಜಾಹೀರಾತು ತೋರುವುದನ್ನು ನಿಷೇಧಿಸುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದವರಿಗೆ 200 ಕೋಟಿ ರೂಪಾಯಿಯವರೆಗೆ ದಂಡವುಂಟು. ಆದರೆ ಆ ದಂಡ ಸರಕಾರದ ಬೊಕ್ಕಸಕ್ಕೆ ಸೇರುತ್ತದೆಯೇ ಹೊರತು ನೊಂದ ಮನೆಗೆ ಬರುವುದಿಲ್ಲ. 2019ರ ಗ್ರಾಹಕ ಕಾಯಿದೆಯು ಸಮಾನ ಹಿತಾಸಕ್ತಿಯ ಅನೇಕರು ಕೂಡಿ ದೂರು ಕೊಡಲು ಅವಕಾಶವಿತ್ತಿದೆ. ಆದರೆ ಪುಕ್ಕಟೆ ಸೇವೆಯನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಡುತ್ತದೆ. ಹಣದ ಬದಲು ಮಗುವಿನ ಗುಟ್ಟುಗಳನ್ನೇ ಬೆಲೆಯಾಗಿ ಪಡೆಯುವ ಸೇವೆ ಪುಕ್ಕಟೆಯೇ? ಈ ಪ್ರಶ್ನೆಯನ್ನು ನಮ್ಮಂಥವರೇ ಎತ್ತಬೇಕು.

ಇನ್ನೊಂದು ತೊಡಕನ್ನೂ ಮರೆಯಲಾಗದು. ವಯಸ್ಸನ್ನು ಪರೀಕ್ಷಿಸುವ ನೆಪದಲ್ಲಿ ಗುರುತಿನ ಚೀಟಿ, ಮುಖಚಿತ್ರಗಳನ್ನು ಅದೇ ಸಂಸ್ಥೆಗಳ ಕೈಗೊಪ್ಪಿಸಿದರೆ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದಂತಾದೀತು. ಆದುದರಿಂದ ರಕ್ಷಣೆಯನ್ನೂ ಖಾಸಗಿತನವನ್ನೂ ಜೊತೆಯಾಗಿಯೇ ಕೇಳಬೇಕಾಗಿದೆ.

ನ್ಯಾಯಾಲಯದ ತೀರ್ಪು ಬರುವಷ್ಟರಲ್ಲಿ ಇಂದಿನ ಮಗು ದೊಡ್ಡದಾಗಿರುತ್ತದೆ. ಅಲ್ಲಿಯವರೆಗೆ ನಮ್ಮ ಧರ್ಮಕೇಂದ್ರದ ತಂದೆತಾಯಂದಿರು ತಿಂಗಳಿಗೊಮ್ಮೆಯಾದರೂ ಒಟ್ಟಾಗಿ ಕುಳಿತು ಈ ವಿಷಯವನ್ನು ಮಾತನಾಡೋಣ. ನೊಂದ ಮಗುವನ್ನು ಗದರಿಸದೆ ಅದರ ಮಾತನ್ನು ಕೇಳೋಣ. ಅಗತ್ಯ ಬಿದ್ದಾಗ 1098 ಮಕ್ಕಳ ಸಹಾಯವಾಣಿಗೆ ಕರೆಮಾಡಲು ನಾಚದಿರೋಣ. ದೂರು ಕೊಡಬೇಕಾದ ಮನೆಯವರು ಒಂಟಿಯಾಗಿ ಹೋಗದಂತೆ ಜೊತೆಗೆ ನಡೆಯೋಣ. ಹಿರಿಯರು ಕೂಡಿ ಕಟ್ಟಿದ್ದರಿಂದಲೇ ಈ ದೇವಾಲಯ ನಿಂತಿತು. ಮಕ್ಕಳ ಸುತ್ತಲಿನ ಕಾವಲನ್ನೂ ನಾವು ಕೂಡಿಯೇ ಕಟ್ಟಬೇಕು. ಮಕ್ಕಳನ್ನು ತನ್ನ ಬಳಿಗೆ ಕರೆದು ಹರಸಿದ ಪ್ರಭುವು ಈ ಕಾರ್ಯದಲ್ಲಿ ನಮ್ಮೆಲ್ಲರಿಗೂ ಧೈರ್ಯವನ್ನೂ ಒಮ್ಮನಸ್ಸನ್ನೂ ದಯಪಾಲಿಸಲಿ.